ಆಂಡಾಳಮ್ಮನವರ ಶೇಕಡಾ ನೂರು

ಇಂಗಿನ ಡಬ್ಬಿ ನಾಲ್ಕು ಬೆರಳಷ್ಟು ಪಕ್ಕಕ್ಕೆ ಸರಿದಿತ್ತು. ಅಷ್ಟಕ್ಕೇ ಆ ಮನೆಯಲ್ಲಿ ಎರಡು ದಿನ ಅತ್ತೆ ಸೊಸೆಗೆ ಮಾತು ನಿಂತಿತು.

“ಯಾರು ನನ್ನ ಅಡುಗೆಮನೆಗೆ ಕಾಲಿಟ್ಟಿದ್ದು?” ಎಂದು ಆಂಡಾಳಮ್ಮನವರು ಒಳಗಿನಿಂದ ಕೂಗಿದಾಗ ಬೆಳಗಿನ ಆರೂವರೆ. ಸೊಸೆ ರಂಜನಿ ಹೊಸ್ತಿಲಾಚೆ ತಲೆ ಬಾಚಿಕೊಳ್ಳುತ್ತಿದ್ದಳು. ಅವಳು ಮದ್ದೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಮಂಡ್ಯದಲ್ಲಿ ಎಂಟೂಕಾಲರ ಬಸ್ಸು ತಪ್ಪಿದರೆ ಅಲ್ಲಿ ಮೊದಲ ಪೀರಿಯಡ್ಡು ತಪ್ಪುತ್ತಿತ್ತು.

“ನಾನೇ ಅತ್ತೆ. ನಿನ್ನೆ ಗೌತಮಿಗೆ ಹೊಟ್ಟೆನೋವು ಅಂದ್ಲು. ಮಜ್ಜಿಗೆಗೆ ಚಿಟಿಕೆ ಇಂಗು ತಗೊಂಡೆ.”

“ಸ್ನಾನ ಮಾಡಿದ್ಯಾ?”

“ಹೊಟ್ಟೆನೋವು ಅಂತ ಮಗು ಅಳ್ತಿರೋವಾಗ ಯಾರತ್ತೆ ಸ್ನಾನಕ್ಕೆ ಹೋಗ್ತಾರೆ?”

“ಹಾಗಾದ್ರೆ ಆ ಸಾಲು ಪೂರ್ತಿ ಮೈಲಿಗೆ. ಎಲ್ಲ ಇಳಿಸಿ ತೊಳೀಬೇಕು.”

“ಮಗು” ಎನಿಸಿಕೊಂಡ ಗೌತಮಿಗೆ ಹದಿನೇಳು ವರ್ಷ. ಅವಳು ಹಾಸಿಗೆಯಲ್ಲಿ ಮಲಗಿಕೊಂಡೇ ಕೂಗಿದಳು: “ಅಜ್ಜಿ, ಇಂಗಿಗೆ ಎಂಥ ಮೈಲಿಗೆ! ಅದಕ್ಕೆ ಜೀವ ಇದ್ಯಾ?”

“ನಿನ್ನ ನಾಲಿಗೆಗೆ ಇದೆಯಲ್ಲ, ಸಾಕು.”

ಮಡಿಯೆಂಬುದು ಕಾಲ ಕಳೆದಂತೆ ಎಲ್ಲ ಮನೆಗಳಲ್ಲೂ ಸಡಿಲವಾಯಿತು. ಈ ಮನೆಯಲ್ಲಿ ಮಾತ್ರ ಏಳೆಂಟು ವರ್ಷದಿಂದ ಬಿಗಿಯಾಗುತ್ತಲೇ ಹೋಗಿತ್ತು. ಆಂಡಾಳಮ್ಮನವರು ಐದಕ್ಕೆ ಎದ್ದು ಮಿಂದು, ಗಳುವಿನ ಮೇಲೆ ಒಣಗಿದ ಸೀರೆ ಉಟ್ಟು ಅಡುಗೆಮನೆ ಹೊಕ್ಕರೆ, ಊಟ ಮುಗಿಯುವವರೆಗೂ ಒಳಗೆ ಇನ್ನೊಬ್ಬರು ಹೋಗುವಂತಿಲ್ಲ. ಒಂದು ಸೌಟನ್ನೂ ಮುಟ್ಟುವಂತಿಲ್ಲ. ಅವರು ಹಜಾರಕ್ಕೆ ಬರುವಾಗ “ಮಡಿ, ಮಡಿ” ಎಂದು ಕೂಗಿದರೆ ದಾರಿಯಲ್ಲಿದ್ದವರೆಲ್ಲ ಎದ್ದು ಗೋಡೆಗೆ ಅಂಟಿಕೊಳ್ಳಬೇಕು. ಚಪ್ಪಲಿ, ಬ್ಯಾಗು, ಕುರ್ಚಿ ಯಾವುದೂ ನಡುವೆ ಇರಕೂಡದು. ಯಾರಾದರೂ ಹತ್ತಿರ ಬಂದರೆ “ನಾನು ಬಂದಿದೀನಿ” ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಮೈ ತಗುಲಿ ಮಡಿ ಕೆಟ್ಟೀತು. ಊಟಕ್ಕೆ ಕೂರುವಾಗ ಒಬ್ಬೊಬ್ಬರಿಗೂ ಒಂದೊಂದು ಜಾಗ. ಅದು ಸಿನಿಮಾ ಥಿಯೇಟರಿನ ಸೀಟಿಗಿಂತ ಕಟ್ಟುನಿಟ್ಟು.

ಇದನ್ನೆಲ್ಲ ಕಂಡು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದವರು ಅವರ ಯಜಮಾನರು ಶ್ಯಾಮಣ್ಣನವರು. ಮಂಡಿ ಹಿಡಿದುಕೊಂಡು ಪೌರೋಹಿತ್ಯ ಬಿಟ್ಟು ಐದು ವರ್ಷವಾಗಿತ್ತು. ಪಿಂಚಣಿಯಿಲ್ಲ, ಪೊಗರಿಗೇನೂ ಕಡಿಮೆಯಿಲ್ಲ. “ಮಂಡ್ಯದಲ್ಲಿ ಮಡಿ ಅಂತ ಉಳಿದಿದ್ರೆ ನಮ್ಮನೇಲಿ ಮಾತ್ರ” ಎಂದು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಹೆಂಡತಿ ಹೊಸ ನಿಯಮ ತಂದಾಗಲೆಲ್ಲ ಅದಕ್ಕೊಂದು ಶಾಸ್ತ್ರವಾಕ್ಯ ಹುಡುಕಿಕೊಡುವುದು ಅವರ ಕೆಲಸ. ಸಿಗದಿದ್ದರೆ ಹಿರಿಯರು ಹೀಗೇ ಮಾಡುತ್ತಿದ್ದರು ಎನ್ನುತ್ತಿದ್ದರು.

ಅಷ್ಟು ಮಡಿ ಮಾಡುವ ಆಂಡಾಳಮ್ಮ ಬಾಗಿಲಿಗೆ ರಂಗೋಲಿ ಇಡುವುದನ್ನು ಮಾತ್ರ ಎಂದೋ ಬಿಟ್ಟಿದ್ದರು. ಬಗ್ಗಿದರೆ ಸೊಂಟ ಹಿಡಿಯುತ್ತದೆ ಎಂದಿದ್ದರು, ಎಲ್ಲರೂ ನಂಬಿದ್ದರು.

ಮಗ ಕೃಷ್ಣಪ್ರಸಾದ್ ನೀರಾವರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಡಿಸೆಂಬರ್ ಬಂದರೆ ಅಲ್ಲಿ ಎಲ್ಲರ ಬಾಯಲ್ಲೂ ತೆರಿಗೆಯ ಮಾತು. ಯಾವ ಕಾಗದ ತಂದುಕೊಟ್ಟರೆ ಎಷ್ಟು ಉಳಿಯುತ್ತದೆ ಎನ್ನುವುದು ಪಕ್ಕದ ಮೇಜಿನ ಶಫೀವುಲ್ಲಾನಿಗೆ ಕಂಠಪಾಠ.

“ನಿಮ್ಮ ತಾಯೋರಿಗೆ ಕಣ್ಣು ಮಂದ ಅಂತಿದ್ರಲ್ಲ ಸಾರ್?” ಎಂದು ಅವನು ಒಂದು ದಿನ ಕೇಳಿದ.

“ಪೊರೆ ಇರಬೇಕು. ಡಾಕ್ಟ್ರ ಹತ್ರ ಬಾ ಅಂದ್ರೆ ಜಗಳಕ್ಕೇ ಬರ್ತಾರೆ.”

“ಒಂದ್ಸಲ ಕರ್ಕೊಂಡೋಗಿ ಅಂಗವಿಕಲರ ಸರ್ಟಿಫಿಕೇಟ್ ಮಾಡಿಸಿ. ನಮ್ಮ ರಿಯಾಜಣ್ಣಂಗೆ ಹುಟ್ಟಿದಾಗ್ಲಿಂದ ಕಾಣಲ್ಲ, ನಮ್ಮನೇಲೇ ಅವ್ನೆ. ಅವನ ಲೆಕ್ಕದಲ್ಲಿ ವರ್ಸಾ ವರ್ಸಾ ಒಂದೂಕಾಲು ಲಕ್ಷ ನನ್ನ ಆದಾಯದಲ್ಲಿ ಕಳೀತೀನಿ. ನಲವತ್ತು ಪರ್ಸೆಂಟ್ ಇದ್ರೆ ಎಪ್ಪತ್ತೈದು ಸಾವ್ರ, ಎಂಬತ್ತು ಮುಟ್ಟಿದ್ರೆ ಒಂದೂಕಾಲು ಲಕ್ಷ. ಹೊಸ ತೆರಿಗೆ ಪದ್ಧತೀಲಿ ಇದು ಸಿಕ್ಕಲ್ಲ. ನೀವು ಮನೆ ಸಾಲಕ್ಕೋಸ್ಕರ ಹಳೇದ್ರಲ್ಲೇ ಅದೀರಲ್ಲ, ಸಿಗ್ತದೆ.”

ಅಂದು ಊಟಕ್ಕೆ ಕೂತಾಗ ಕೃಷ್ಣಪ್ರಸಾದ್ ಮಾತು ತೆಗೆದ. ಆಂಡಾಳಮ್ಮ ಸಾರು ಬಡಿಸುತ್ತಿದ್ದರು. ಸೌಟು ತಟ್ಟೆಯ ಅಂಚಿಗೆ ತಾಗಿ ಟಿಣ್ ಎನ್ನುವುದು, ಆಮೇಲೆ ಸಾರು ಬೀಳುವುದು, ಅದು ಅವರ ಬಡಿಸುವ ರೀತಿ.

“ಎಂಬತ್ತು ಪರ್ಸೆಂಟ್ ಇದ್ರೆ ಇಪ್ಪತ್ತಾರು ಸಾವಿರ ತೆರಿಗೆ ಉಳಿಯುತ್ತೆ. ನಲವತ್ತು ಬಂದ್ರೂ ಸಾಕಮ್ಮ, ಹದಿನೈದು ಸಾವಿರದ ಮೇಲೆ ಉಳಿಯುತ್ತೆ. ಗೌತಮಿ ಕೋಚಿಂಗ್‌ಗೆ ಎರಡನೇ ಕಂತು ಕಟ್ಟಬಹುದು.”

“ಎಂಬತ್ತು ಅಂದ್ಯಲ್ಲ, ಅದು ಯಾರಿಗೆ?”

“ಪೂರ್ತಿ ಕಾಣದೇ ಇರೋರಿಗೆ. ನಿನಗೆ ಯಾಕೆ ಅದು?”

ರಂಜನಿ ನಡುವೆ ಬಾಯಿಹಾಕಿದಳು. “ಎಂಬತ್ತು ಇದ್ರೆ ಅತ್ತೇನ ಒಲೆ ಹತ್ರ ಬಿಡೋಕಾಗುತ್ತಾ? ಸದ್ಯ, ಪೊರೆ ತೆಗೆಸಿದ್ರೆ ಸರಿಹೋಗುತ್ತೆ.”

ಸೌಟು ಗಾಳಿಯಲ್ಲೇ ನಿಂತಿತು. ನಾಲ್ಕು ಹನಿ ಸಾರು ನೆಲಕ್ಕೆ ಬಿತ್ತು. ಆಂಡಾಳಮ್ಮ ಒಳಗೆ ಹೋದರು. ಐದು ದಿನ ಆ ವಿಷಯ ಎತ್ತಿದವರ ಮೇಲೆಲ್ಲ ಹರಿಹಾಯ್ದರು. ಆರನೆಯ ದಿನ ತಾವಾಗಿಯೇ ಕೇಳಿದರು.

“ಪ್ರಸಾದು, ನಲವತ್ತು ಬರಬೇಕು ಅಂದ್ರೆ ಎಷ್ಟು ಕಾಣಬೇಕು?”

“ನನಗೇನಮ್ಮ ಗೊತ್ತು? ಬೋರ್ಡಲ್ಲಿ ಮೇಲಿನ ದೊಡ್ಡ ಅಕ್ಷರ ಕಂಡು, ಕೆಳಗಿನ ಸಣ್ಣವು ಕಾಣದೇ ಇದ್ರೆ ಬರಬಹುದು.”

“ಬರ್ತೀನಿ ಆಸ್ಪತ್ರೆಗೆ. ಆದ್ರೆ ಕಾಗದದಲ್ಲಿ ಏನೇ ಬರಲಿ, ಅಡುಗೆಮನೆ ನನ್ನದೇ. ಆಣೆ ಇಡು.”

ಮಗನಿಗೆ ನಗು ಬಂತು. ಕೈಯಲ್ಲಿದ್ದ ತುತ್ತನ್ನು ಎತ್ತಿ ಹಿಡಿದು, “ಈ ಅನ್ನದಾಣೆ, ನಿನ್ನ ಅಡುಗೆಮನೆ ಯಾರಿಗೆ ಬೇಕಮ್ಮ?” ಎಂದ. ಆಂಡಾಳಮ್ಮ ನಗಲಿಲ್ಲ. ಹದಿನಾರನೆಯ ವಯಸ್ಸಿಗೆ ಈ ಮನೆತನ ಸೇರಿ, ಐವತ್ತೆರಡು ವರ್ಷ ಒಲೆಯ ಮುಂದೆ ನಿಂತ ಹೆಂಗಸಿಗೆ ಅದೊಂದೇ ಆಸ್ತಿ. ಅದು ಹೋದರೆ ಮೂಲೆಯ ಕುರ್ಚಿಯೊಂದೇ ಗತಿಯೆಂದು ಅವರು ಹೆದರಿದ್ದರು.

ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿ ಮೂರು ವಾರಕ್ಕೆ ಜಿಲ್ಲಾ ಆಸ್ಪತ್ರೆಯಿಂದ ಕರೆ ಬಂತು. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಕೃಷ್ಣಪ್ರಸಾದ್ ಹೊರಟ. ಶ್ಯಾಮಣ್ಣನವರೂ ಜೊತೆಗೆ ಹೋದರು. ಹೊರಗೆ ಹೋಗುವಾಗ ಗಂಡನ ಕೈ ಹಿಡಿದೇ ನಡೆಯುವುದು ಆಂಡಾಳಮ್ಮನವರ ಅಭ್ಯಾಸ. ಈ ವಯಸ್ಸಲ್ಲೂ ಎಂಥ ಅನ್ಯೋನ್ಯ ಎಂದು ಬೀದಿಯವರು ಮೆಚ್ಚುತ್ತಿದ್ದರು.

ಕಣ್ಣಿನ ಡಾಕ್ಟರು ಮಾಹೀನ್ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಬಸರಾಳಿನ ಗೌಡರೊಬ್ಬರು ಗೋಡೆಯ ಮೇಲಿನ ಅಕ್ಷರಗಳನ್ನು ಸಂತೆಯಲ್ಲಿ ಕೂಗುವ ದನಿಯಲ್ಲಿ ಓದುತ್ತಿದ್ದರು. ಆಂಡಾಳಮ್ಮ ಹೊರಗಿನ ಬೆಂಚಿನಲ್ಲಿ ತುಟಿ ಅಲ್ಲಾಡಿಸುತ್ತ ಕೂತಿದ್ದರು. ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡರು ಶ್ಯಾಮಣ್ಣ.

ಇವರ ಸರದಿ ಬಂತು. ಡಾಕ್ಟರು ಕುರ್ಚಿಯಲ್ಲಿ ಕೂರಿಸಿ ಓದಲು ಹೇಳಿದರು.

“ಗ,” ಎಂದರು ಆಂಡಾಳಮ್ಮ, ಕತ್ತು ಮುಂದಕ್ಕೆ ಚಾಚಿ. “ಎರಡನೇ ಸಾಲು, ರ... ಬ. ಮೂರನೇದು ನ, ಸ, ಲ. ಅದರ ಕೆಳಗೆ ಎಲ್ಲ ಮಂಜು ಮಂಜು ಕಣಮ್ಮ. ನಲವತ್ತು ಆಗುತ್ತೆ ಅಲ್ವಾ?”

ಡಾಕ್ಟರು ಗೋಡೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದರು.

“ಅಮ್ಮ, ಆ ಗೌಡ್ರು ಹೋದ ಮೇಲೆ ನಾನು ಬೋರ್ಡ್ ಬದಲಾಯಿಸಿದೆ. ಈಗ ಅಲ್ಲಿರೋದು ಅಕ್ಷರ ಅಲ್ಲ, ಅಂಕಿ.”

ಕೃಷ್ಣಪ್ರಸಾದ್ ಗೋಡೆ ನೋಡಿದ. ಮೊದಲ ಸಾಲಿನಲ್ಲಿ ಅಂಗೈಯಗಲದ ಒಂಬತ್ತು ಇತ್ತು.

ಡಾಕ್ಟರು ಬೆರಳು ಹಿಡಿದು ಎಷ್ಟೆಂದು ಕೇಳಿದರು. ಮುಖದ ಮುಂದೆ ಕೈಯಾಡಿಸಿದರು. ಟಾರ್ಚು ಬಿಟ್ಟರು. “ಬಲಗಡೆ ಬೆಳಕು ಬಂದ ಹಾಗಿದೆ,” ಎಂದು ಮಾತ್ರ ಹೇಳಿದರು ಆಂಡಾಳಮ್ಮ, ಸೋತ ದನಿಯಲ್ಲಿ. ಯಂತ್ರದೊಳಗೆ ನೋಡಿ, ಒತ್ತಡ ಅಳೆದು, ಕಣ್ಣಿನ ಹಿಂದಿನ ನರ ಪೂರ್ತಿ ಒಣಗಿದೆ, ಇದು ಪೊರೆಯಲ್ಲ, ಇದಕ್ಕೆ ಆಪರೇಷನ್ ಇಲ್ಲ ಎಂದರು ಡಾಕ್ಟರು.

“ಎಷ್ಟು ವರ್ಷದಿಂದ ಹೀಗೆ?”

“ಪೂರ್ತಿ ಹೋಗಿ ನಾಲ್ಕು ವರ್ಷ. ಅದಕ್ಕೆ ಮುಂಚೆ ಕೊಳವೆಯೊಳಗಿಂದ ನೋಡಿದ ಹಾಗಿತ್ತು. ಮಳವಳ್ಳಿಯಲ್ಲಿ ನನ್ನ ತಂಗಿ ಮನೆಗೆ ಹೋದಾಗ ಕ್ಯಾಂಪಲ್ಲಿ ತೋರಿಸಿದ್ದೆ. ಇರೋದನ್ನ ಉಳಿಸಬಹುದು ಅಂತ ಹನಿ ಬರೆದುಕೊಟ್ರು. ತಂಗಿ ಕೈಲಿ ತರಿಸಿ ಹಾಕಿಕೊಳ್ತಿದ್ದೆ, ಅವಳು ತೀರಿಹೋದ ಮೇಲೆ ನಿಂತುಹೋಯ್ತು.”

“ಮನೇಲಿ ಯಾರು ನೋಡಿಕೊಳ್ತಾರೆ?”

“ಯಾರನ್ನ?”

“ನಿಮ್ಮನ್ನ ಅಮ್ಮ.”

“ನನ್ನನ್ನ ಯಾಕೆ ನೋಡಿಕೊಳ್ಳಬೇಕು? ಐದು ಜನಕ್ಕೆ ಎರಡು ಹೊತ್ತು ನಾನೇ ಅಡುಗೆ ಮಾಡಿ ಬಡಿಸ್ತೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಗ್ಯಾಸ್ ಒಲೇಲಾ? ಕಾಣದೆ? ಮನೆಯವರಿಗೂ ಗೊತ್ತಾಗದೆ? ಅದು ಹೇಗೆ?”

ಆಂಡಾಳಮ್ಮ ಸೆರಗಿನ ತುದಿ ಮಡಿಸಿದರು. ಆಮೇಲೆ, “ಮಡಿ,” ಎಂದರು.

ಶ್ಯಾಮಣ್ಣನವರಿಗೆ ಆ ಮಾತು ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಯಾರೂ ಡಬ್ಬಿ ಸರಿಸಬಾರದು. ದಾರಿಗೆ ಅಡ್ಡ ಬರಬಾರದು. ಬಂದವರು ಬಾಯಿಬಿಟ್ಟು ಹೇಳಬೇಕು. ಊಟಕ್ಕೆ ಜಾಗ ಬದಲಿಸಬಾರದು. ಒಂದೊಂದು ನಿಯಮವೂ ಒಂದೊಂದು ಕಣ್ಣಾಗಿತ್ತು. ಅಷ್ಟಕ್ಕೂ ಶಾಸ್ತ್ರ ಹುಡುಕಿಕೊಟ್ಟವರು ಸ್ವತಃ ಅವರೇ.

ವಾಪಸು ಬರುವಾಗ ಆಟೋದಲ್ಲಿ ಅವರೇ ಮಾತು ತೆಗೆದರು. “ನನಗಾದ್ರೂ ಹೇಳಬಾರದಾಗಿತ್ತೇನೇ?”

“ನಿಮಗೆ ಹೇಳಿದ್ರೆ ಸಂಜೆ ಒಳಗೆ ದೇವಸ್ಥಾನದ ಕಟ್ಟೆಗೆಲ್ಲ ಗೊತ್ತಾಗ್ತಿತ್ತು.”

“ನನ್ನ ಮುಖ ನೀನು ಕಡೇ ಸಲ ನೋಡಿದ್ದು ಯಾವಾಗ?”

“ನಿಮ್ಮ ಎಪ್ಪತ್ತನೇ ಶಾಂತಿ ದಿನ, ಆರತಿ ಎತ್ತೋವಾಗ. ಹಣೆ, ನಾಮ, ಒಂದು ಕಣ್ಣು, ಅಷ್ಟು ಕಂಡಿತು. ಆಮೇಲೆ ಕಂಡಿಲ್ಲ.”

ಶ್ಯಾಮಣ್ಣನವರು ಹೊರಗೆ ನೋಡುತ್ತ ಕೂತರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಸಂಜೆ ಮದ್ದೂರಿನಿಂದ ಬಂದ ರಂಜನಿ ವಿಷಯ ಕೇಳಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

“ನಾವು ಮಲಗಿರೋವಾಗ ಒಬ್ಬರೇ ಗ್ಯಾಸ್ ಹಚ್ತಿದ್ರಲ್ಲರೀ! ಎಣ್ಣೆ ಕಾಯಿಸ್ತಿದ್ರು! ಸೆರಗಿಗೆ ಬೆಂಕಿ ಹತ್ತಿದ್ರೆ? ಇವತ್ತಿಂದ ಅತ್ತೆ ಒಳಗೆ ಹೋಗಕೂಡದು, ಅಷ್ಟೇ.”

“ಹತ್ತಿತೇನೇ ಬೆಂಕಿ?” ಎಂದರು ಆಂಡಾಳಮ್ಮ.

“ಹತ್ತೋವರೆಗೂ ಕಾಯಬೇಕಾ ಅತ್ತೆ?”

“ಪ್ರಸಾದು, ಅನ್ನ ಕೈಲಿ ಹಿಡಿದು ಆಣೆ ಇಟ್ಟೆ.”

ಮಗ ತಲೆ ತಗ್ಗಿಸಿದ. “ನನಗೆ ಗೊತ್ತಿರಲಿಲ್ಲಮ್ಮ.”

“ಗೊತ್ತಿದ್ದಿದ್ರೆ ನಾನು ಆಣೆ ಯಾಕೆ ಕೇಳ್ತಿದ್ದೆ?”

ಮಾರನೆಯ ದಿನದಿಂದ ಆಂಡಾಳಮ್ಮನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಪ್ರೀತಿಯಿಂದಲೇ ಎಲ್ಲ ನಡೆಯಿತು. ಆಂಡಾಳಮ್ಮನವರು ಎಡವದಿರಲೆಂದು ಊಟದ ಮೇಜು ಗೋಡೆಗೆ ಸರಿಯಿತು. ಫ್ರಿಜ್ಜು ಹಜಾರಕ್ಕೆ ಬಂತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ರಂಜನಿ ಚೀಟಿ ಅಂಟಿಸಿ, ತನಗೆ ಎಟುಕುವ ಹಾಗೆ ಹೊಸದಾಗಿ ಜೋಡಿಸಿದಳು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೂ ಅದೇ ಉಪ್ಪಿಟ್ಟು. ಅನ್ನ ಒಂದು ದಿನ ಗಂಜಿ, ಒಂದು ದಿನ ಅಕ್ಕಿ. ಎರಡು ಬಸ್ಸು ತಪ್ಪಿತು, ಪ್ರಿನ್ಸಿಪಾಲರು ಕರೆದು ಮಾತಾಡಿದರು. ಶ್ಯಾಮಣ್ಣನವರು ಉಪ್ಪಿಲ್ಲದ ಸಾರನ್ನು ಪ್ರಸಾದದಂತೆ ಕಣ್ಣು ಮುಚ್ಚಿ ಕುಡಿದರು.

ಆಂಡಾಳಮ್ಮನವರಿಗೆ ಬಚ್ಚಲಿಗೆ ಹೋಗಲೂ ಜನ ಬೇಕಾಯಿತು. ಮೂರನೆಯ ದಿನ ಫ್ರಿಜ್ಜಿಗೆ ಹಣೆ ಬಡಿಯಿತು. ಐದನೆಯ ದಿನ ಬಾಗಿಲೆಂದುಕೊಂಡು ಬೀರುವಿನ ಹಿಡಿ ಹಿಡಿದು ಎಳೆದರು. ಆಮೇಲೆ ಅವರು ಕುರ್ಚಿ ಬಿಟ್ಟು ಏಳುವುದನ್ನೇ ಕಡಿಮೆ ಮಾಡಿದರು.

ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಗೌತಮಿ. “ಅಮ್ಮ, ಅಜ್ಜಿ ಕುರುಡಿ ಆಗಿದ್ದು ಈಗ. ಮೊದಲು ಆಗಿರಲಿಲ್ಲ. ನಾವು ಮಾಡಿದ್ವಿ.”

“ಬಾಯಿಮುಚ್ಚು. ಅವರ ಒಳ್ಳೇದಕ್ಕೇ ಮಾಡಿದ್ದು.”

“ಇಷ್ಟು ವರ್ಷ ಒಂದು ದಿನ ಹಣೆ ಊದಿತ್ತಾ? ನೀನೇ ಹೇಳು.”

ರಂಜನಿ ಸೀದ ಬಾಣಲೆ ಉಜ್ಜತೊಡಗಿದಳು.

ಹಾಲಿನ ಕರಿಯಯ್ಯ ಕೆರಗೋಡಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ. ಎರಡು ವಾರದಿಂದ ರಂಜನಿಯೇ ಪಾತ್ರೆ ಹಿಡಿಯುತ್ತಿದ್ದುದನ್ನು ನೋಡಿ ಅವನು ಕೇಳಿದ.

“ದೊಡ್ಡವ್ವಾರು ಯಾಕ್ರವ್ವಾ ಬತ್ತಿಲ್ಲ?”

“ಅವರಿಗೆ ಕಣ್ಣು ಕಾಣಲ್ಲ ಕರಿಯಯ್ಯ. ಪೂರ್ತಿ.”

“ಅದ್ ಗೊತ್ತು ಬುಡ್ರವ್ವಾ. ಅದ್ಕೆ ಯಾಕ್ ಬತ್ತಿಲ್ಲ ಅಂತ ಕೇಳ್ದೆ.”

ರಂಜನಿ ಬೆಚ್ಚಿದಳು. “ನಿನಗೆ ಗೊತ್ತಿತ್ತಾ?”

“ಮೂರು ವರ್ಸಾತು. ಒಂದಿನ ಗಾಡಿ ಕೆಟ್ಟು ನಡ್ಕಂಡ್ ಬಂದೆ, ಎದುರ್ಗೆ ನಿಂತ್ರೂ ನೋಡ್ನಿಲ್ಲ. ಕಾಣಕ್ಕಿಲ್ಲ ಅಂತ ತಿಳ್ಕಂಡು ಅವತ್ತು ಅಳತೇಲಿ ಒಂದೀಟು ಕಮ್ಮಿ ಆಕ್ದೆ. ಪಾತ್ರೆ ಇಡ್ದು ಕೈಲಿ ತೂಗಿ ನೋಡವ್ರೆ, ‘ಕರಿಯಯ್ಯ, ಅರ್ಧ ಪಾವು ನಿನ್ನ ಕ್ಯಾನಲ್ಲೇ ಉಳ್ಕೊಂಡಿದೆ’ ಅಂದ್ರು! ಮೈಯೆಲ್ಲ ಬೆವ್ತೋಯ್ತು ಕಣ್ರವ್ವಾ. ಅವತ್ನಿಂದ ಆ ತಾಯಿಗೆ ಒಂದು ತೊಟ್ಟು ಮೋಸ ಮಾಡಿಲ್ಲ. ನಂಗೆ ಎಲ್ಡು ಕಣ್ಣವೆ, ನನ್ಕೈಲಿ ಆಯ್ತದಾ ಅಂಗೆ?”

ಅವನು ಹೋದ ಮೇಲೂ ರಂಜನಿ ಹಾಲಿನ ಪಾತ್ರೆ ಹಿಡಿದು ಗೇಟಿನಲ್ಲೇ ನಿಂತಿದ್ದಳು. ಕೈಯಲ್ಲಿ ತೂಗಿ ನೋಡಿದಳು. ಒಂದೂ ಗೊತ್ತಾಗಲಿಲ್ಲ.

ಫೆಬ್ರವರಿಯ ಎರಡನೆಯ ವಾರ ಸರ್ಟಿಫಿಕೇಟು ಬಂತು. ಎರಡೂ ಕಣ್ಣು, ಶಾಶ್ವತ, ಶೇಕಡಾ ನೂರು. ಅದೇ ವಾರ ಶ್ಯಾಮಣ್ಣನವರ ತಾಯಿಯ ತಿಥಿಯೂ ಬಂತು.

ತಿಥಿಯ ಅಡುಗೆ ಮಡಿಯಲ್ಲೇ ಆಗಬೇಕು. ವಡೆ, ಅತಿರಸ, ಎಳ್ಳುಂಡೆ, ಪರಮಾನ್ನ, ಮೆಣಸಿನಕಾಯಿ ಮುಟ್ಟಿಸದೆ ಬರೀ ಕಾಳುಮೆಣಸಿನಲ್ಲಿ ನಾಲ್ಕು ಪಲ್ಯ, ಕೂಟು, ಸಾರು. ಬ್ರಾಹ್ಮಣಾರ್ಥಕ್ಕೆ ಬರುವ ಇಬ್ಬರು ಮತ್ತು ಮನೆಯವರು. ಅಡುಗೆಯ ಸುಧೀಂದ್ರನನ್ನು ಕರೆಸೋಣವೆಂದರೆ ಮದುವೆಯ ಕಾಲ, ಅವನು ಕಿರುಗಾವಲಿನ ಛತ್ರದಲ್ಲಿ ಮೂರು ದಿನ ಸಿಕ್ಕಿಹಾಕಿಕೊಂಡಿದ್ದ.

“ಹೋಟೆಲಿಂದ ತರಿಸೋ ಹಾಗಿಲ್ಲ. ಈ ವರ್ಷ ಅಕ್ಕಿ ಬಾಳೆಕಾಯಿ ದಾನ ಕೊಟ್ಟು ಮುಗಿಸಿಬಿಡೋಣ,” ಎಂದ ಕೃಷ್ಣಪ್ರಸಾದ್.

ಕುರ್ಚಿಯಿಂದ ಮಾತು ಬಂತು. “ನಿಮ್ಮಜ್ಜಿ ನನಗೆ ಉಪ್ಪು ಹಾಕೋದು ಹೇಳಿಕೊಟ್ಟೋರು. ಅವರ ಎಲೆ ಬರಿದಾಗಕ್ಕೆ ನಾನು ಬಿಡಲ್ಲ.”

ಎಲ್ಲರೂ ರಂಜನಿಯ ಮುಖ ನೋಡಿದರು. ಅವಳಿಗೆ ಹೆದರಿಕೆ ಇನ್ನೂ ಹೋಗಿರಲಿಲ್ಲ, ಆದರೆ ಆ ಹಾಲಿನ ಪಾತ್ರೆಯೂ ಮನಸ್ಸಿನಿಂದ ಹೋಗಿರಲಿಲ್ಲ.

“ಅತ್ತೆ, ಎಣ್ಣೆ ಇಟ್ಟಾಗೆಲ್ಲ ನಾನು ಪಕ್ಕದಲ್ಲಿರ್ತೀನಿ. ಇವತ್ತು ಮಾತ್ರ ಅಲ್ಲ, ಇನ್ನು ಮೇಲೂ. ಒಪ್ಪಿದ್ರೆ ಮಾಡಿ.”

“ಸ್ನಾನ ಮಾಡ್ಕೊಂಡು ಬಾ. ಮಾತಾಡಬೇಡ, ನನಗೆ ಕೆಲಸ ಕೇಳಿಸಲ್ಲ.”

ಹಿಂದಿನ ದಿನ ಸಂಜೆ ಎಲ್ಲವನ್ನೂ ಮೊದಲಿನ ಜಾಗಕ್ಕೆ ಇಡುವ ಕೆಲಸ ನಡೆಯಿತು. ಯಾವುದು ಎಲ್ಲಿತ್ತೆಂದು ನಾಲ್ಕು ಜನ ಕಣ್ಣಿದ್ದವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಆಂಡಾಳಮ್ಮನವರು ಹೊಸ್ತಿಲ ಮೇಲೆ ನಿಂತು ಹೇಳತೊಡಗಿದರು.

“ಅಕ್ಕಿ ಡಬ್ಬ ಬಾಗಿಲಿಂದ ಒಂದು ಮೊಳ ಒಳಗೆ. ಅದರ ಪಕ್ಕ ತೊಗರಿಬೇಳೆ. ಪ್ರಸಾದು, ನೀನಿಟ್ಟಿದ್ದು ಕಡಲೆಬೇಳೆ.”

“ಹೇಗೆ ಗೊತ್ತಾಯ್ತಮ್ಮ?”

“ಇಟ್ಟ ಸದ್ದು ಬೇರೆ. ಗೌತಮಿ, ಮೇಲಿನ ಸಾಲಲ್ಲಿ ಎಡದಿಂದ ಎಣಿಸು. ಸಾಸಿವೆ, ಜೀರಿಗೆ, ಮೆಂತ್ಯ, ಮೆಣಸು, ಅದಾದ ಮೇಲೆ ಎರಡು ಬೆರಳು ಜಾಗ ಬಿಟ್ಟು ಅರಿಶಿನ. ರೀ, ನೀವು ಸುಮ್ಮನೆ ನಿಂತಿದೀರ, ಫ್ರಿಜ್ಜು ತಳ್ಳೋಕೆ ಅವನಿಗೆ ಕೈ ಕೊಡಿ.”

ನಲವತ್ತೇಳು ಡಬ್ಬಿ ಪಾತ್ರೆಗಳು. ಒಂದನ್ನೂ ಅವರು ಎರಡು ಸಲ ಯೋಚಿಸಲಿಲ್ಲ. ಕಡೆಗೆ ಕೃಷ್ಣಪ್ರಸಾದ್ ಕೈ ಒರೆಸಿಕೊಂಡು, ಕಚೇರಿಯ ರೆಕಾರ್ಡ್ ರೂಮನ್ನು ಇವರ ಕೈಗೆ ಕೊಟ್ಟಿದ್ದರೆ ಒಂದು ಫೈಲೂ ಕಳೆಯುತ್ತಿರಲಿಲ್ಲ ಎಂದ.

ತಿಥಿಯ ಬೆಳಿಗ್ಗೆ ರಂಜನಿ ಕಾಲೇಜಿಗೆ ರಜೆ ಹಾಕಿ, ತಲೆಗೆ ನೀರು ಹಾಕಿಕೊಂಡು, ಏಳೆಂಟು ವರ್ಷದಲ್ಲಿ ಮೊದಲ ಸಲ ಅತ್ತೆ ಮಡಿಯಲ್ಲಿರುವಾಗ ಆ ಅಡುಗೆಮನೆಯೊಳಗೆ ನಿಂತಳು.

ಆಂಡಾಳಮ್ಮ ಒಲೆ ಹಚ್ಚಿ ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದು ಉರಿ ಎಷ್ಟಿದೆಯೆಂದು ನೋಡಿಕೊಂಡರು. ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದಿದ್ದರು, ಅದು ಎಂದೂ ಜಾರದಂಥ ಬಿಗಿತ. ಈಳಿಗೆಮಣೆಯ ಮೇಲೆ ಬಾಳೆಕಾಯಿ ಒಂದೇ ಅಳತೆಯಲ್ಲಿ ತುಂಡಾಗುತ್ತ ಬಿತ್ತು. ಸಾರು ಕುದಿಯುವ ಸದ್ದು ಬದಲಾದ ಕ್ಷಣಕ್ಕೆ ಬೆನ್ನು ತಿರುಗಿಸಿ ನಿಂತಿದ್ದರೂ ಉರಿ ತಗ್ಗಿಸಿದರು. ಉಪ್ಪನ್ನು ಅಂಗೈಯ ಗುಳಿಗೆ ಸುರಿದುಕೊಂಡು ಬೆರಳಿನಿಂದ ಸ್ವಲ್ಪ ವಾಪಸು ಹಾಕಿದರು.

ಎಣ್ಣೆ ಇಟ್ಟಾಗ ರಂಜನಿ ಒಂದು ಹೆಜ್ಜೆ ಹತ್ತಿರ ಸರಿದಳು. ಆಂಡಾಳಮ್ಮ ಒಂದು ಸಾಸಿವೆಯಷ್ಟು ಹಿಟ್ಟು ಬಿಟ್ಟು ಕಿವಿಯಿಟ್ಟರು, ಕಾದರು, ಮತ್ತೊಂದು ಬಿಟ್ಟರು. ಆಮೇಲೆ ವಡೆ ತಟ್ಟಿ ಬಾಣಲೆಯ ಅಂಚಿನಿಂದ ಜಾರಿಸಿದರು. ಮೊದಲು ಜೋರು ಭರ್ರೆಂದ ಎಣ್ಣೆ ಸಣ್ಣಗಾಗುತ್ತ, ಸಣ್ಣಗಾಗುತ್ತ ಪಿಸುಮಾತಿನಷ್ಟಾಯಿತು. ಆಗ ಜಾಲರಿ ಒಳಗೆ ಇಳಿಯಿತು. ಇಪ್ಪತ್ತನಾಲ್ಕು ವಡೆ, ಇಪ್ಪತ್ತನಾಲ್ಕೂ ಒಂದೇ ಹೊಂಬಣ್ಣ. ಆ ಬಣ್ಣವನ್ನು ಮಾಡಿದವರೇ ಅದನ್ನು ಕಂಡು ನಾಲ್ಕು ವರ್ಷವಾಗಿತ್ತು.

ಅತ್ತೆಯ ಎಡಗೈಯ ಮೇಲೆ ಸುಟ್ಟ ಕಲೆಗಳಿದ್ದವು. ರಂಜನಿ ಎಣಿಸಿದಳು, ಆರು. ಆರೂ ಹಳೆಯವು, ಚರ್ಮದ ಬಣ್ಣಕ್ಕೇ ತಿರುಗಿದ್ದವು. ಹೊಸದು ಒಂದೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ತಾನು ಮಲಗಿದ್ದ ಬೆಳಗಿನ ಜಾವಗಳಲ್ಲಿ ಈ ಹೆಂಗಸು ಒಬ್ಬರೇ, ಸದ್ದಿಲ್ಲದೆ, ಸುಟ್ಟುಕೊಂಡು, ಕಲಿತು, ಮತ್ತೆ ಸುಟ್ಟುಕೊಳ್ಳದ ಹಾಗೆ ಕಲಿತಿದ್ದರು. ದೇವಸ್ಥಾನದಲ್ಲಿ ಬಾರದ ಭಕ್ತಿ ಅಲ್ಲಿ ಬಂತು. ಇಷ್ಟು ವರ್ಷ ಇವರೊಡನೆ ಎಂಥ ಸಣ್ಣ ಸಣ್ಣ ವಿಷಯಕ್ಕೆಲ್ಲ ಜಗಳವಾಡಿದೆನಲ್ಲ ಎಂದು ಅಳುವೂ ಬಂತು.

“ಅಳಬೇಡ ಕಣೇ,” ಎಂದರು ಆಂಡಾಳಮ್ಮ, ತಿರುಗದೆ. “ಮೂಗು ಸೊರಗುಟ್ಟೋ ಸದ್ದಲ್ಲಿ ಅತಿರಸ ಸೀದುಹೋದೀತು.”

ಬಂದ ಇಬ್ಬರು ಬ್ರಾಹ್ಮಣರು ಉಂಡು ತೃಪ್ತರಾಗಿ, ಇಂಥ ಅಡುಗೆ ಈಚೆಗೆ ಎಲ್ಲೂ ಸಿಗುವುದಿಲ್ಲ ಎಂದು ಹೇಳಿ ಹೊರಟರು. ಮಡಿಯ ಬಗ್ಗೆ ಒಂದು ಭಾಷಣ ಬಿಗಿಯಲು ಇದಕ್ಕಿಂತ ಒಳ್ಳೆಯ ಸಮಯ ಶ್ಯಾಮಣ್ಣನವರಿಗೆ ಸಿಗುತ್ತಿರಲಿಲ್ಲ. ಅವರು ಏನೂ ಹೇಳಲಿಲ್ಲ. ಹೆಂಡತಿಗೆ ಎಲೆ ಹಾಕಿ, ನೀರು ಚಿಮುಕಿಸಿ, ತಾವೇ ಬಡಿಸಿದರು. ಐವತ್ತೆರಡು ವರ್ಷದಲ್ಲಿ ಅದು ಮೊದಲ ಸಲ. ಸಾರು ಎಲೆಯಾಚೆ ಹರಿಯಿತು.

“ಎಲೆ ಇರೋದು ಇಲ್ಲಿ ರೀ,” ಎಂದರು ಆಂಡಾಳಮ್ಮ.

ಕಚೇರಿಗೆ ಕಾಗದ ಕೊಡಲು ಮಾರನೆಯ ದಿನವೇ ಕಡೆಯ ದಿನ. ಮಧ್ಯಾಹ್ನ ಕೃಷ್ಣಪ್ರಸಾದ್ ಹಜಾರದಲ್ಲಿ ಫಾರಂ ಹರಡಿಕೊಂಡು ಕೂತ. ಅಮ್ಮನ ಹೆಸರು, ಸಂಬಂಧ, ಶೇಕಡಾವಾರು, ಸರ್ಟಿಫಿಕೇಟಿನ ನಂಬರು ಎಲ್ಲ ತುಂಬಿದ. ಕೆಳಗಿನ ಘೋಷಣೆಗೆ ಬಂದಾಗ ಅವನ ಪೆನ್ನು ನಿಂತಿತು.

“ಏನು ಬರೆದಿದೆ? ಜೋರಾಗಿ ಓದು,” ಎಂದರು ಆಂಡಾಳಮ್ಮ.

ಅವನು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದ. “ಈ ಮೇಲ್ಕಂಡ ವ್ಯಕ್ತಿಯು ತಮ್ಮ ಜೀವನಕ್ಕೆ ಮತ್ತು ಪಾಲನೆಗೆ ನನ್ನನ್ನೇ ಅವಲಂಬಿಸಿದ್ದಾರೆ ಎಂದು ಈ ಮೂಲಕ ದೃಢಪಡಿಸುತ್ತೇನೆ.”

ಹೊಟ್ಟೆ ತುಂಬ ಉಂಡ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಪ್ಪ, ಇದಕ್ಕೆ ನೀನು ಸೈನ್ ಹಾಕಿದ್ರೆ ಸುಳ್ಳು ಹೇಳಿದ ಹಾಗಲ್ವಾ?” ಎಂದಳು ಗೌತಮಿ.

“ಸುಳ್ಳೇನೂ ಅಲ್ಲ,” ಎಂದರು ಆಂಡಾಳಮ್ಮ. “ಬೇಳೆ ತರೋದು ಅವನು, ಬಾಡಿಗೆ ಇಲ್ಲದ ಮನೆ ಕಟ್ಟಿದ್ದು ಅವನು. ಹಾಕೋ ಸೈನು. ಸರ್ಕಾರ ಕೊಡ್ತೀನಿ ಅಂದಿದ್ದನ್ನ ಯಾಕೆ ಬಿಡಬೇಕು? ಇಪ್ಪತ್ತಾರು ಸಾವಿರ ಅಂದ್ಯಲ್ಲ, ಆ ಹುಡುಗಿಗೆ ಕಟ್ಟು.”

ಕೃಷ್ಣಪ್ರಸಾದ್ ಸೈನು ಹಾಕಿದ.

“ಆಯ್ತಾ?” ಎಂದರು ಆಂಡಾಳಮ್ಮ. “ನನ್ನದು ಬೇಡವಾ ಸೈನು?”

“ಬೇಡಮ್ಮ. ಅವಲಂಬಿತರು ಹಾಕೋ ಹಾಗಿಲ್ಲ.”

“ಸರಿ ಹಾಗಾದ್ರೆ. ನಾಳೆ ಆಫೀಸಲ್ಲಿ ಕೇಳು. ನೀವೆಲ್ಲ ನನ್ನನ್ನ ಅವಲಂಬಿಸಿದೀರಲ್ಲ, ಅದಕ್ಕೂ ಒಂದು ಫಾರಂ ಇದ್ರೆ ತಗೊಂಡು ಬಾ. ನಾನು ಸೈನು ಹಾಕಿಕೊಡ್ತೀನಿ.”

ರಂಜನಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಶ್ಯಾಮಣ್ಣನವರು ಮೂಲೆಯಿಂದ ಮೆಲ್ಲಗೆ ಕೆಮ್ಮಿದರು.

“ಪ್ರಸಾದು,” ಎಂದರು, “ಅದರಲ್ಲಿ ನನ್ನ ಹೆಸರು ಮೊದಲು ಬರಿ.”